ಪ್ರೈಮ್ 95: ಬಿಜೈಯ ಮನೆಯಲ್ಲಿ ಹದಿನಾಲ್ಕು ತಿಂಗಳು

ಹದಿನಾಲ್ಕು ತಿಂಗಳಿನಿಂದ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದೆ. ಇದುವರೆಗೆ ಒಂದೂ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಇಲ್ಲ. ಹಾಗಿದ್ದರೂ ಈ ಕೆಲಸಕ್ಕೆ ಬಳಸುವ ಪ್ರೈಮ್ 95 ತಂತ್ರಾಂಶದ ಬಗ್ಗೆ ನನಗಿರುವುದು ಮೆಚ್ಚುಗೆಯೇ. ನಮ್ಮ ಕರಾವಳಿಯ ಸೆಕೆ, ಮಳೆ ಮತ್ತು ಕರೆಂಟ್ ಬಿಲ್ಲಿನ ನಡುವೆ ಇದನ್ನು ಓಡಿಸುವುದು ಹೇಗೆ ಎಂಬುದನ್ನು ಯಾರೂ ಬರೆದಂತಿಲ್ಲವಾದ್ದರಿಂದ ನನ್ನ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಗಿಂಪ್ಸ್ (ಗ್ರೇಟ್ ಇಂಟರ್ನೆಟ್ ಮರ್ಸೆನ್ ಪ್ರೈಮ್ ಸರ್ಚ್) ಎಂಬುದು ಈ ಹುಡುಕಾಟಕ್ಕಾಗಿ 1996ರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಸ್ವಯಂಸೇವಕರ ಯೋಜನೆ. ಪ್ರೈಮ್ 95 ಅವರೇ ಬರೆದ, ಉಚಿತವಾಗಿ ಸಿಗುವ ತಂತ್ರಾಂಶ. 2ರ ಘಾತದಿಂದ 1 ಕಳೆದಾಗ ಸಿಗುವ 3, 7, 31, 127ರಂತಹ ಅವಿಭಾಜ್ಯಗಳಿಗೆ 17ನೇ ಶತಮಾನದ ಫ್ರೆಂಚ್ ಸನ್ಯಾಸಿ ಮರ್ಸೆನ್ ಅವರ ಹೆಸರಿದೆ. ಇಂತಹವು ಇದುವರೆಗೆ ಗೊತ್ತಿರುವುದು 52 ಮಾತ್ರ. ಅವುಗಳಲ್ಲಿ 18ನ್ನು ಕಂಡುಹಿಡಿದವರು ಗಿಂಪ್ಸ್ ಸದಸ್ಯರು.

ಅಳವಡಿಕೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಜಿಪ್ ಕಡತವನ್ನು ಬಿಚ್ಚಿ ಕ್ಲಿಕ್ ಮಾಡಿದರೆ, ಯೋಜನೆಗೆ ಸೇರುತ್ತೀರೋ ಅಥವಾ ಯಂತ್ರವನ್ನು ಪರೀಕ್ಷಿಸುವುದಷ್ಟೇ ನಿಮ್ಮ ಉದ್ದೇಶವೋ ಎಂದು ಕೇಳುತ್ತದೆ. ಸೇರಿದರೆ ಸರ್ವರ್ ತಾನೇ ಒಂದು ಸಂಖ್ಯೆಯನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತದೆ. ತೊಂಬತ್ತರ ದಶಕದ ಬ್ಯಾಂಕ್ ಕೌಂಟರನ್ನು ನೆನಪಿಸುವ ಬೂದು ಕಿಟಕಿಗಳು ಕಣ್ಣಿಗೆ ಹಿತವಲ್ಲ, ಮೆನುಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಆದರೆ ಅತ್ಯಂತ ಕೆಳಗಿನ ಆದ್ಯತೆಯಲ್ಲಿ ಓಡುವುದರಿಂದ, ನಾನು ಲೆಕ್ಕಪತ್ರದ ಕೆಲಸಕ್ಕೆ ಕುಳಿತಾಗ ಅದು ಸದ್ದಿಲ್ಲದೆ ಬದಿಗೆ ಸರಿದು ಜಾಗ ಕೊಡುತ್ತದೆ. ಅರ್ಧ ಗಂಟೆಗೊಮ್ಮೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುವ ಕಾರಣ, ಸಿಡಿಲು ಬಡಿದು ಕರೆಂಟ್ ಹೋದರೂ ನಷ್ಟವಾಗುವುದು ಹೆಚ್ಚೆಂದರೆ ಮೂವತ್ತು ನಿಮಿಷದ ದುಡಿಮೆ.

ಒಳಗೆ ನಡೆಯುವ ಲೆಕ್ಕವಾದರೂ ಎಷ್ಟು ಸರಳ! ನನ್ನ ಯಂತ್ರಕ್ಕೆ ಮೊದಲು ಬಂದದ್ದು ಮರುಪರಿಶೀಲನೆ, ಅಂದರೆ ಲ್ಯೂಕಾ–ಲೆಹ್ಮರ್ ಎಂಬ ವಿಧಾನದಲ್ಲಿ ಬೇರೊಬ್ಬರು ಆಗಲೇ ಮಾಡಿದ್ದ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುವ ಕೆಲಸ. ಈ ವಿಧಾನವನ್ನು 31ರ ಮೇಲೆ, ಅಂದರೆ 2ರ ಐದನೇ ಘಾತದಿಂದ 1 ಕಳೆದ ಸಂಖ್ಯೆಯ ಮೇಲೆ, ಕಾಗದದಲ್ಲೇ ಮಾಡಿ ನೋಡಬಹುದು. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದರೆ 14. ಮತ್ತೆ ವರ್ಗ ಮಾಡಿ 2 ಕಳೆದರೆ 194. ಅದನ್ನು 31ರಿಂದ ಭಾಗಿಸಿದಾಗ ಶೇಷ 8. ಅದರ ವರ್ಗದಿಂದ 2 ಕಳೆದರೆ 62, ಅಂದರೆ 31ರ ಎರಡರಷ್ಟು, ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಿಮೆ ಹೆಜ್ಜೆಗಳ ಬಳಿಕ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಇಲ್ಲಿ ಮೂರೇ ಹೆಜ್ಜೆ ಸಾಕಾಯಿತು. ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಗೆ ಇದನ್ನೇ ಕೋಟಿಗಟ್ಟಲೆ ಸಲ ಮಾಡಬೇಕು, ನಡುವೆ ಒಂದೇ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲ ನೀರಿನಲ್ಲಿ ಹೋಮ.

ಆದ್ದರಿಂದಲೇ ಈ ತಂತ್ರಾಂಶವು ನಿಮ್ಮ ಯಂತ್ರವನ್ನು ಒಂದು ಕ್ಷಣವೂ ನಂಬುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಅತಿ ದೊಡ್ಡ ಗುಣ ಇದೇ. ಈಗ ಹೊಸ ಸಂಖ್ಯೆಗಳಿಗೆ ಬಳಸುವ ಸಂಭಾವ್ಯ ಅವಿಭಾಜ್ಯ ಪರೀಕ್ಷೆಯಲ್ಲಿ ಗೆರ್ಬಿಟ್ಸ್ ಹೆಸರಿನ ತಪಾಸಣೆಯೊಂದು ದಾರಿಯುದ್ದಕ್ಕೂ ಲೆಕ್ಕವನ್ನು ತಾಳೆ ನೋಡುತ್ತದೆ, ತಪ್ಪು ಕಂಡರೆ ಹಿಂದಿನ ಸರಿಯಾದ ಹಂತಕ್ಕೆ ಮರಳಿ ಅಲ್ಲಿಂದ ಮುಂದುವರಿಯುತ್ತದೆ. ಕೊನೆಯಲ್ಲಿ ನೂರು ಮೆಗಾಬೈಟಿಗೂ ಮಿಕ್ಕಿದ ಪುರಾವೆಯ ಕಡತವೊಂದು ತಯಾರಾಗಿ ಸರ್ವರಿಗೆ ಹೋಗುತ್ತದೆ. ಇದರಿಂದಾಗಿ ಇನ್ನೊಬ್ಬರು ಅದೇ ಲೆಕ್ಕವನ್ನು ಪೂರ್ತಿಯಾಗಿ ಮತ್ತೊಮ್ಮೆ ಮಾಡುವ ಅಗತ್ಯವಿಲ್ಲ. ಅಲ್ಲಿಯವರೆಗೆ ಡಿಸ್ಕಿನಲ್ಲಿ ಕೆಲವು ಗಿಗಾಬೈಟ್ ಜಾಗ ಖಾಲಿ ಇಡಬೇಕು.

ಈ ಅಪನಂಬಿಕೆಯ ಪ್ರಯೋಜನ ನನಗೆ ಮೊದಲ ವಾರದಲ್ಲೇ ಆಯಿತು. ಕಂಪ್ಯೂಟರ್ ಆಗಾಗ ಕಾರಣವಿಲ್ಲದೆ ನಿಂತುಹೋಗುತ್ತಿತ್ತು. ಅದನ್ನು ಜೋಡಿಸಿಕೊಟ್ಟ ಅಂಗಡಿಯವರು ಮೂರು ಬಾರಿ ನೋಡಿ, ಎರಡು ಬಾರಿ ವಿಂಡೋಸ್ ಹೊಸದಾಗಿ ಹಾಕಿ, ಪ್ರತಿ ಸಲವೂ ಹಣ ಪಡೆದು, ದೋಷವೇನೂ ಇಲ್ಲ ಎಂದಿದ್ದರು. ಪ್ರೈಮ್ 95ರ ಕಠಿಣ ಪರೀಕ್ಷೆ ಹನ್ನೊಂದನೆಯ ನಿಮಿಷಕ್ಕೆ ನಿಂತು, ಪೂರ್ಣಾಂಕಕ್ಕೆ ದುಂಡಾಗಿಸುವಾಗ 0.4ಕ್ಕಿಂತ ಕಡಿಮೆ ಇರಬೇಕಾದ ವ್ಯತ್ಯಾಸ 0.5 ಬಂದಿದೆ ಎಂದು ಬರೆಯಿತು. ರ‍್ಯಾಮ್ ತೆಗೆದು ನೋಡಿದರೆ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಉಪ್ಪುಗಾಳಿಯ ಮಸುಕು ಕೂತಿತ್ತು. ಪೆನ್ಸಿಲ್ ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದ ಮೇಲೆ ಅದೇ ಪರೀಕ್ಷೆ ಇಡೀ ರಾತ್ರಿ ತಕರಾರಿಲ್ಲದೆ ಓಡಿತು. ಇಂಟೆಲ್ ಕಂಪನಿಯ ಸ್ಕೈಲೇಕ್ ಪ್ರೊಸೆಸರುಗಳು ಸ್ತಬ್ಧವಾಗುವ ದೋಷವೊಂದು ಇದೇ ತಂತ್ರಾಂಶದಿಂದ ಬೆಳಕಿಗೆ ಬಂದು, 2016ರಲ್ಲಿ ಕಂಪನಿ ಅದನ್ನು ಒಪ್ಪಿಕೊಂಡದ್ದೂ ಉಂಟು. ಅವಿಭಾಜ್ಯಗಳಲ್ಲಿ ಆಸಕ್ತಿ ಇಲ್ಲದವರೂ ಹೊಸ ಕಂಪ್ಯೂಟರ್ ಕೊಂಡ ದಿನ ಈ ಪರೀಕ್ಷೆಯನ್ನು ಓಡಿಸುವುದು ಒಳ್ಳೆಯದು.

ಇನ್ನು ಖರ್ಚಿನ ಮಾತು. ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ನೋಡಿದಾಗ ನನ್ನ ನಾಲ್ಕು ಕೋರಿನ ಯಂತ್ರ ಸುಮ್ಮನಿರುವಾಗ 40 ವ್ಯಾಟ್, ಲೆಕ್ಕ ಮಾಡುವಾಗ 125 ವ್ಯಾಟ್ ಎಳೆಯುತ್ತಿತ್ತು. ಹೆಚ್ಚುವರಿ 85 ವ್ಯಾಟ್ ಹಗಲು ರಾತ್ರಿ ತಿಂಗಳಿಡೀ ಓಡಿದರೆ 61 ಯೂನಿಟ್. ನಮ್ಮ ಮನೆಯ ಬಳಕೆ 150ರ ಆಸುಪಾಸಿನಲ್ಲಿದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ದಾಟಿತೆಂದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. ಮೊದಲ ತಿಂಗಳು ಹಾಗೆಯೇ ಆಯಿತು, ಮನೆಯಲ್ಲಿ ನಾನು ಕೊಟ್ಟ ಗಣಿತದ ವಿವರಣೆ ಯಾರಿಗೂ ರುಚಿಸಲಿಲ್ಲ. ಅಂದಿನಿಂದ ರಾತ್ರಿ ಹತ್ತು ಗಂಟೆ ಮಾತ್ರ ಓಡಿಸುತ್ತಿದ್ದೇನೆ. ಹದಿನೈದು ದಿನದಲ್ಲಿ ಮುಗಿಯಬಹುದಾದ ಒಂದು ಸಂಖ್ಯೆಗೆ ಈಗ ಒಂದು ತಿಂಗಳ ಮೇಲೆ ಆರು ದಿನ ಬೇಕು.

ಮಾರ್ಚ್‌ನಿಂದ ಮೇ ತನಕ ಏಸಿ ಇಲ್ಲದ ಕೋಣೆಯಲ್ಲಿ ಇದನ್ನು ಓಡಿಸುವುದನ್ನು ನಾನು ಯಾರಿಗೂ ಹೇಳಲಾರೆ. ಫ್ಯಾನಿನ ಸದ್ದು ಮತ್ತು ಬಿಸಿಗಾಳಿ ಎರಡೂ ಸೇರಿ ನಿದ್ದೆ ಕೆಡುತ್ತದೆ. ಮಳೆಗಾಲದ ಕಥೆ ಬೇರೆ. ಆಟಿ ತಿಂಗಳಲ್ಲಿ ವಾರಗಟ್ಟಲೆ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುವಾಗ, ಕ್ಯಾಬಿನೆಟ್ಟಿನ ಹಿಂದೆ ಅಮ್ಮ ಹಗ್ಗ ಕಟ್ಟಿ ಮಗಳ ಶಾಲೆಯ ಕಾಲುಚೀಲಗಳನ್ನು ಸಾಲಾಗಿ ತೂಗುಹಾಕಿದ್ದರು. ಬೆಳಿಗ್ಗೆ ಏಳಕ್ಕೆ ಅವು ಬೆಚ್ಚಗೆ, ಗರಿಗರಿಯಾಗಿ ಒಣಗಿರುತ್ತಿದ್ದವು.

ಗೆಲ್ಲುವ ಆಸೆಯಿಂದ ಸೇರುವವರಿಗೆ ಒಂದು ಮಾತು. 2018ರ ಡಿಸೆಂಬರಿನಲ್ಲಿ 2,48,62,048 ಅಂಕಿಗಳ ಅವಿಭಾಜ್ಯ ಸಿಕ್ಕ ಮೇಲೆ ಮುಂದಿನದಕ್ಕೆ ಸುಮಾರು ಆರು ವರ್ಷ ಕಾಯಬೇಕಾಯಿತು. 2024ರ ಅಕ್ಟೋಬರಿನಲ್ಲಿ 4,10,24,320 ಅಂಕಿಗಳದ್ದನ್ನು ಕಂಡುಹಿಡಿದ ಲ್ಯೂಕ್ ಡ್ಯುರಾಂಟ್, 17 ದೇಶಗಳಲ್ಲಿ ಹರಡಿದ್ದ ಕ್ಲೌಡ್ ಸರ್ವರುಗಳ ಗ್ರಾಫಿಕ್ಸ್ ಪ್ರೊಸೆಸರುಗಳನ್ನು ಬಳಸಿದ್ದರು. ಆ ಸೇನೆಯ ಮುಂದೆ ಬಿಜೈಯ ಒಂದು ಡೆಸ್ಕ್‌ಟಾಪ್ ಯಾವ ಲೆಕ್ಕಕ್ಕೂ ಇಲ್ಲ, ಮೂರು ಸಾವಿರ ಡಾಲರಿನ ಬಹುಮಾನವನ್ನು ನೆನೆದು ಕರೆಂಟ್ ಸುಡುವುದು ಲಾಟರಿಗಿಂತ ಕಡೆ. ಆದರೆ 2013ರಲ್ಲಿ ಸಿಕ್ಕ ಅವಿಭಾಜ್ಯವೊಂದು ಸಾಲಿನಲ್ಲಿ 48ನೆಯದೇ ಎಂಬುದು ಖಚಿತವಾದದ್ದು 2021ರಲ್ಲಿ, ಅದಕ್ಕಿಂತ ಚಿಕ್ಕ ಘಾತಾಂಕಗಳನ್ನೆಲ್ಲ ಸದಸ್ಯರ ಯಂತ್ರಗಳು ಎರಡನೆಯ ಬಾರಿ ಲೆಕ್ಕಹಾಕಿ ಮುಗಿಸಿದ ಬಳಿಕ. ಹಳೆಯ ಯಂತ್ರವಿರುವವರು ಮರುಪರಿಶೀಲನೆಯ ಕೆಲಸವನ್ನೇ ಆರಿಸಿಕೊಳ್ಳುವುದು ಉತ್ತಮ. ಸಂಖ್ಯೆಗಳೂ ಚಿಕ್ಕವು, ಬೇಗ ಮುಗಿಯುತ್ತವೆ.

ಸಾಕೆನಿಸಿದಾಗ ಫೋಲ್ಡರ್ ಅಳಿಸಿ ಸುಮ್ಮನಾಗಬೇಡಿ. ಗಿಂಪ್ಸ್ ತೊರೆಯುವ ಆಯ್ಕೆ ಮೆನುವಿನಲ್ಲೇ ಇದೆ, ಅದನ್ನು ಒತ್ತಿದರೆ ನಿಮ್ಮ ಹೆಸರಿನಲ್ಲಿ ಬಾಕಿ ಉಳಿದ ಸಂಖ್ಯೆ ಸರ್ವರಿಗೆ ಮರಳಿ ಇನ್ನೊಬ್ಬರ ಪಾಲಿಗೆ ಹೋಗುತ್ತದೆ.