ಬಿಸಿಲ ಕಿಟಕಿಗೊಂದು ಆರ್ಕಿಡ್ ಕಿಟ್: ಗಿಡ ಚೆನ್ನಾಗಿದೆ, ಜೊತೆಗಿನ ಚೀಟಿಯನ್ನು ನಂಬಬೇಡಿ

ಒಂದೂವರೆ ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಕೊರಿಯರಿನಲ್ಲಿ ಗಿಡ ಕಳುಹಿಸುವ ನರ್ಸರಿಯೊಂದರಿಂದ 1,150 ರೂಪಾಯಿ ಕೊಟ್ಟು ಆರ್ಕಿಡ್ ಕಿಟ್ ತರಿಸಿಕೊಂಡೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಹೂಬಿಟ್ಟಿದ್ದ ಫೆಲನಾಪ್ಸಿಸ್ ಎಂಬ ಜಾತಿಯ ಒಂದು ಆರ್ಕಿಡ್ ಗಿಡ, ಅದನ್ನು ಇಳಿಸಿಡಲು ಬಿಳಿ ಪಿಂಗಾಣಿಯ ಹೊರಕುಂಡ, ಒಂದು ಚೀಲ ಪೈನ್ ತೊಗಟೆಯ ಚೂರು, ಗೊಬ್ಬರದ ಪೊಟ್ಟಣ ಮತ್ತು ‘ಬಿಸಿಲು ಬೀಳುವ ಕಿಟಕಿಯಲ್ಲಿಡಿ, ವಾರಕ್ಕೊಮ್ಮೆ ನೀರು ಹಾಕಿ’ ಎಂದು ಅಚ್ಚಾಗಿದ್ದ ಚೀಟಿ ಅದರಲ್ಲಿದ್ದವು. ಪ್ಯಾಕಿಂಗಿನ ಬಗ್ಗೆ ದೂರಿಲ್ಲ. ಎರಡು ದಿನ ಪ್ರಯಾಣ ಮಾಡಿ ಬಂದರೂ ಒಂದು ಮೊಗ್ಗು ಮಾತ್ರ ಉದುರಿತ್ತು, ಮತ್ತು ಆ ಹೂಗಳು ಜನವರಿಯ ಮಧ್ಯದವರೆಗೆ ನಿಂತವು.

ತೊಂದರೆ ಶುರುವಾದದ್ದು ಆ ಚೀಟಿಯಿಂದ. ನಮ್ಮ ಮನೆಯಲ್ಲಿ ಬಿಸಿಲು ಬೀಳುವುದು ದಕ್ಷಿಣದ ಕಿಟಕಿಗೆ. ಆದರೆ ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೆ ಸರಿದಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: ಸೂರ್ಯ ದಕ್ಷಿಣಕ್ಕೆ ವಾಲಿ, ಬಿಸಿಲು ಕಿಟಕಿಯ ಕಟ್ಟೆಯನ್ನು ದಾಟಿ ಹಾಲಿನ ಒಳಗೆ ಚಾಚಿಕೊಳ್ಳುತ್ತದೆ. ಚೀಟಿಯನ್ನು ನಂಬಿ ನಾನು ಗಿಡವನ್ನು ಅದೇ ಬಿಸಿಲಿನಲ್ಲಿ ಬಿಟ್ಟಿದ್ದರಿಂದ ಮೇಲಿನ ಎಲೆಯ ಮೇಲೆ ಮೊದಲು ಬಿಳಿಚಿದ ಗುರುತೊಂದು ಕಂಡು, ನಾಲ್ಕೇ ದಿನದಲ್ಲಿ ಅದು ಐದು ರೂಪಾಯಿ ನಾಣ್ಯದಷ್ಟಗಲದ ಕಂದು ಹಪ್ಪಳವಾಯಿತು. ಮುಟ್ಟಿದರೆ ಎಲೆ ಬೆಚ್ಚಗಿತ್ತು. ಕಿಟಕಿಗೆ ಹಳೆಯ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿದ ಮೇಲೆ ಹೊಸ ಕಲೆ ಮೂಡಲಿಲ್ಲ. ಮನೆಯಲ್ಲಿ ಪೂರ್ವದ ಕಿಟಕಿ ಇರುವವರಿಗೆ ಈ ಪಂಚೆಯ ಉಪಚಾರ ಬೇಕಾಗಲಿಕ್ಕಿಲ್ಲ, ಬೆಳಗಿನ ಎಳೆ ಬಿಸಿಲು ಈ ಗಿಡಕ್ಕೆ ಒಗ್ಗುತ್ತದೆ.

ಎರಡನೆಯ ಪೆಟ್ಟು ಬೇರಿಗೆ ಬಿತ್ತು. ಹೂವು ಉದುರಿದ ಮೇಲೆ ಎಲೆಗಳು ಜೋಲುಬಿದ್ದವು. ನೀರು ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ. ಕೊನೆಗೆ ಗಿಡವನ್ನು ಕುಂಡದಿಂದ ಎತ್ತಿ ನೋಡಿದಾಗ, ಹೊರಗೆ ತೊಗಟೆ ಒಣಗಿದ್ದರೂ ನಟ್ಟನಡುವೆ ಕೋಳಿಮೊಟ್ಟೆಯಷ್ಟು ದೊಡ್ಡ ಪಾಚಿಯ ಉಂಡೆಯೊಂದು ಹಿಂಡಿದರೆ ನೀರು ಸುರಿಯುವಷ್ಟು ತೊಯ್ದಿತ್ತು. ಎಳೆಯ ಸಸಿಯನ್ನು ಬೆಳೆಸುವಾಗ ಸುತ್ತಿದ ಆ ಪಾಚಿಯನ್ನು ಯಾರೂ ತೆಗೆದಿರಲಿಲ್ಲ. ಅದರೊಳಗಿನ ಬೇರನ್ನು ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಹೊರಕುಂಡಕ್ಕೆ ತಳದಲ್ಲಿ ತೂತಿಲ್ಲದೆ ಎರಡು ಬೆರಳು ನೀರು ಸದಾ ನಿಂತಿರುತ್ತಿದ್ದದ್ದೂ ಇದಕ್ಕೆ ಕೂಡಿಕೊಂಡಿತ್ತು. ಕೊಳೆತದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ, ಕಡಿದ ತುದಿಗಳಿಗೆ ದಾಲ್ಚಿನ್ನಿ ಚಕ್ಕೆಯ ಪುಡಿ ಮುಟ್ಟಿಸಿ, ಕಿಟ್ಟಿನ ತೊಗಟೆಯಲ್ಲೇ ಮತ್ತೆ ನೆಟ್ಟೆ. ತೊಗಟೆ ನಿಜಕ್ಕೂ ಒಳ್ಳೆಯದು, ಪುಡಿ ಕಡಿಮೆ, ಚೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ.

ಊರಿನಿಂದ ಬಂದಿದ್ದ ಅಮ್ಮ ಇದನ್ನೆಲ್ಲ ನೋಡಿ, “ನಮ್ಮ ಹಲಸಿನ ಮರದ ಮೇಲೆ ಸೀತಾಳೆ ದಂಡೆಗೆ ಯಾರು ನೀರು ಹಾಕ್ತಾರೆ?” ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ನಮ್ಮ ಕಡೆಯ ಕಾಡು ಆರ್ಕಿಡ್ ಆದ ಸೀತಾಳೆಯಂತೆ ಇದೂ ಮರದ ಮೇಲೆ ಬದುಕುವ ಜಾತಿ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಮಳೆಯಲ್ಲಿ ತೊಯ್ದು ಗಾಳಿಯಲ್ಲಿ ಒಣಗುವ ಬೇರುಗಳಿಂದಲೇ ಜೀವಿಸುತ್ತದೆ. ಬೇರಿನ ಮೇಲಿರುವ ಸ್ಪಂಜಿನಂಥ ಪದರ ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ, ನೀರು ಕುಡಿದಾಗ ಹಸಿರಿಗೆ ತಿರುಗುತ್ತದೆ. ಹೀಗಾಗಿ ಕಿಟ್ಟಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಆ ಅಗ್ಗದ ಪಾರದರ್ಶಕ ಕುಂಡವೇ: ಬೇರು ಬೆಳ್ಳಗಾದರೆ ನೀರು, ಇಲ್ಲವಾದರೆ ಇಲ್ಲ. ನಮ್ಮ ಮನೆಯಲ್ಲಿ ಮಾರ್ಚಿನಲ್ಲಿ ಇದು ನಾಲ್ಕು ದಿನಕ್ಕೊಮ್ಮೆ, ಜುಲೈಯಲ್ಲಿ ಹತ್ತು ದಿನಕ್ಕೊಮ್ಮೆ ಆಗುತ್ತದೆ. ಬೋರ್‌ವೆಲ್ ನೀರು ತೊಗಟೆಯ ಮೇಲೆ ಬಿಳಿ ಉಪ್ಪು ಕಟ್ಟಿಸಿದ್ದರಿಂದ ಮಳೆನೀರನ್ನೇ ಹಿಡಿದಿಟ್ಟುಕೊಳ್ಳುತ್ತಿದ್ದೇನೆ. ಗೊಬ್ಬರವನ್ನು ಚೀಟಿ ಹೇಳಿದ್ದರ ಕಾಲುಭಾಗ ಹಾಕಿದರೆ ಸಾಕು.

ಕಳೆದ ಡಿಸೆಂಬರಿನಲ್ಲಿ ರಾತ್ರಿಯ ಚಳಿ 16 ಡಿಗ್ರಿಯ ಸುಮಾರಿಗೆ ಇಳಿದಾಗ, ಹೂದಂಡು ಹೊರಡಲು ಆ ತಂಪು ನೆರವಾಗಲೆಂದು ಕಿಟಕಿಯನ್ನು ಬೆರಳಗಲ ತೆರೆದಿಟ್ಟೆ. ತಿಂಗಳ ಕೊನೆಯಲ್ಲಿ ಎಲೆಯ ಕಂಕುಳಿನಿಂದ ಹಸಿರು ಮೊಳಕೆಯೊಂದು ಹೊರಟಿತು. ಬೇರೋ ಹೂದಂಡೋ ಎಂದು ಒಂದು ವಾರ ಅನುಮಾನವಿತ್ತು, ತುದಿ ಕೈಗವಸಿನ ಹೆಬ್ಬೆರಳಿನಂತೆ ಸೀಳಿದ ಮೇಲೆ ಖಾತ್ರಿಯಾಯಿತು. ಮಾರ್ಚಿನ ಕೊನೆಗೆ ಏಳು ಹೂ ಅರಳಿವೆ.

ಈ ಬೆಲೆಗೆ ಗಿಡವನ್ನು ಧಾರಾಳವಾಗಿ ಕೊಳ್ಳಬಹುದು. ಪಿಂಗಾಣಿ ಕುಂಡವನ್ನು ಪೆನ್ನಿಡಲು ಬಳಸಿ, ಹೂವು ಮುಗಿದ ಕೂಡಲೇ ಪಾಚಿಯ ಉಂಡೆಯನ್ನು ಬಿಡಿಸಿ ತೆಗೆಯಿರಿ. ಚೀಟಿಯ ತಪ್ಪುಗಳನ್ನು ವಿವರಿಸಿ ನರ್ಸರಿಗೆ ಬರೆದಿದ್ದೆ, ತಿದ್ದುತ್ತೇವೆಂದು ಮರ್ಯಾದೆಯಿಂದ ಉತ್ತರ ಬಂದಿತ್ತು. ಕಳೆದ ತಿಂಗಳು ಸ್ನೇಹಿತರೊಬ್ಬರು ತರಿಸಿದ ಪೆಟ್ಟಿಗೆಯಲ್ಲೂ ಅದೇ ಚೀಟಿಯಿತ್ತು.