ಗಾಲ್ಫ್ ಕ್ಲಾಸು: ಮೇಷ್ಟ್ರು ಸೂಪರ್ರು, ಮೇಷ್ಟ್ರ ಫೋನು ಬೇಡಪ್ಪ

ಮೈಸೂರಲ್ಲಿ ಗಾಲ್ಫ್ ಅಂದ್ರೆ ಎಲ್ರೂ ರೇಸ್‌ಕೋರ್ಸ್ ಒಳಗಿರೋ ಮೈದಾನ ಅಂತಾರೆ, ನಾನ್ ಹೇಳ್ತಿರೋದು ಅದಲ್ಲ, ಊರಾಚೆ ವೀಕೆಂಡಲ್ಲಿ ನಡೆಯೋ ಒಂದು ಸಣ್ಣ ಕೋಚಿಂಗು, ಹೆಸರು ಬೇಡ ಬಿಡಿ, ಬೈಯೋದೂ ಇದೆ. ಮಗಳನ್ನ ಸೇರ್ಸೋಕೆ ಹೋದೋನು ನಾನೂ ಸೇರ್ಕೊಂಡೆ, ಮೂರು ತಿಂಗಳಾಯ್ತು.

ಕೋಚು ಮೊದ್ಲು ಪ್ರೊ, ದುಡ್ಡಿನ ಟೂರ್ನಮೆಂಟ್ ಆಡ್ದೋರು, ಆಮೇಲೆ ಕಲಿಸೋಕೆ ಬಂದ್ರು, ಈಗ ಗಾಲ್ಫ್ ಅಸೋಸಿಯೇಷನ್ ಕೆಲಸಾನೂ ತಲೆ ಮೇಲೆ ಹಾಕ್ಕೊಂಡವ್ರೆ. ಈ ದಾರಿ ಹೊಸದೇನಲ್ಲ, ಅಮನ್‌ದೀಪ್ ಜೋಲ್ ಕೂಡ ಆಟಗಾರ, ಆಮೇಲೆ ಕೋಚು, 2024ರಲ್ಲಿ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾಗೆ ಸಿಇಒ ಆದ್ರು.

ನಾನು ಟೀವೀಲಿ ನೋಡ್ದಂಗೆ ಬೀಸಿ ಹೊಡೀಬೇಕು ಅಂತ ಹೋದ್ರೆ ಮೊದಲ ಮೂರು ವಾರ ಕೈಗೆ ಬರೀ ಪಟರ್ (ಚೆಂಡನ್ನ ಮೆಲ್ಲಗೆ ತೂತಿಗೆ ಉರುಳ್ಸೋ ಕೋಲು) ಕೊಟ್ರು, ತಲೆ ಕೆಟ್ಟೋಯ್ತು. ಆಮೇಲೆ ಲೆಕ್ಕ ಹೇಳಿದ್ರು ನೋಡಿ: 18 ಹೋಲಿಗೆ ಪಾರ್, ಅಂದ್ರೆ ಚೆನ್ನಾಗಿ ಆಡೋರಿಗೆ ಬೇಕಾಗೋ ಹೊಡೆತ, 72 ಅಂತಿದ್ರೆ ಅದ್ರಲ್ಲಿ ಒಂದೊಂದ್ ಹೋಲಿಗೂ ಎರಡೆರಡು ಪಟ್ (ಪಟರಲ್ಲಿ ಉರುಳ್ಸೋ ಹೊಡೆತ) ಹಿಡಿದಿರ್ತಾರೆ, ಅಂದ್ರೆ 36, ಅರ್ಧ ಆಟ ಅಲ್ಲೇ! ಅದೂ 108 ಮಿಲಿಮೀಟರ್ ತೂತಿಗೆ. ನಮ್ಮ ಬೆಂಗ್ಳೂರಿನ ಅದಿತಿ ಅಶೋಕ್ ದೂರ ಹೊಡ್ಯೋದ್ರಲ್ಲಿ ಬೇರೆಯವ್ರಿಗಿಂತ ಹಿಂದೆ ಇದ್ರೂ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ಬಂದಿದ್ದು ಪಟಿಂಗಿಂದ್ಲೇ ಅಂದ್ರು. ಆವಾಗಿಂದ ಮಗಳು ಮನೆ ಹಾಲಲ್ಲಿ ಚಾಪೆ ಮೇಲೆ ಕಾಫಿ ಲೋಟ ಮಲಗಿಸ್ಕೊಂಡು ಹೊಡೀತಾಳೆ, ಅವ್ರಮ್ಮಂಗೆ ಲೋಟ ಸಿಗ್ತಿಲ್ಲ.

ಕೋಚು ಅಸೋಸಿಯೇಷನ್ ಕೆಲಸ ಮಾಡೋದ್ರಿಂದ ಒಂದು ಲಾಭಾನೂ ಇದೆ, ಮಕ್ಕಳಿಗೆ ರೂಲ್ಸ್ ಚೆನ್ನಾಗಿ ಕಲಿಸ್ತಾರೆ. ಬ್ಯಾಗಲ್ಲಿ 14 ಕ್ಲಬ್ಬಿಗಿಂತ (ಚೆಂಡು ಹೊಡ್ಯೋ ಕೋಲು) ಜಾಸ್ತಿ ಇರಂಗಿಲ್ಲ. ಹೊಡೆತ ಕಮ್ಮಿ ಬರ್ದು ಸ್ಕೋರ್ ಕಾರ್ಡಿಗೆ ಸೈನ್ ಹಾಕಿದ್ರೆ ಔಟು. ಮಗಳು ಒಂದ್ಸಲ 7ನ್ನ 6 ಅಂತ ಬರ್ದಿದ್ಲು, ಬೈಯ್ಲಿಲ್ಲ, ಪೆನ್ಸಿಲ್ ಕೊಟ್ಟು ಸುಮ್ನೆ ನಿಂತ್ಕೊಂಡ್ರು ಅಷ್ಟೆ, ಅವಳೇ ತಿದ್ದಿದ್ಲು.

ಈಗ ಬೈಗುಳ. ಮನುಷ್ಯ ಬಂದ್ರೆ ಚಿನ್ನ, ಆದ್ರೆ ಬರ್ಬೇಕಲ್ಲ? ಎರಡು ಭಾನುವಾರ ನಾವು ಹೆಲ್ಮೆಟ್ ಹಾಕ್ಕೊಂಡು ಗೇಟ್ ದಾಟಿದ್ಮೇಲೆ "ಮೀಟಿಂಗ್ ಇದೆ, ಕ್ಲಾಸ್ ಇಲ್ಲ" ಅಂತ ಮೆಸೇಜು. ಬಂದ್ರೂ ಗಂಟೇಲಿ ಇಪ್ಪತ್ ನಿಮಿಷ ಮರದ ಕೆಳಗೆ ಫೋನು, ಫೀಸ್ ಮಾತ್ರ ಪೂರ್ತಿ. ಆ ಹೊತ್ತಲ್ಲಿ ನಮ್ಮನ್ನ ನೋಡ್ಕೊಳ್ಳೋದು ಅಲ್ಲಿರೋ ಹಳೇ ಕ್ಯಾಡಿ (ಆಟಗಾರರ ಬ್ಯಾಗ್ ಹೊರೋರು) ಒಬ್ರು, ನಿಜ ಹೇಳ್ಬೇಕಂದ್ರೆ ನನ್ನ ಗ್ರಿಪ್ ಸರಿ ಮಾಡಿದ್ದು ಅವ್ರೇ, "ಸಾಮಿ, ಮಚ್ಚಿಡ್ಕಂಡಂಗೆ ಇಡ್ಕಂಡಿದೀರಿ, ಸಡ್ಲ ಬುಡಿ" ಅಂದ್ರು, ಚೆಂಡು ನೆಟ್ಟಗೆ ಹೋಯ್ತು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಮುನಿಯಪ್ಪನೋರೂ ಕ್ಯಾಡಿ ಆಗಿದ್ದೋರೇ ಅಲ್ವಾ. ಈ ಯಜಮಾನ್ರಿಗೂ ಒಂದು ಬ್ಯಾಚ್ ಕೊಡಿ ಅಂತ ಕೋಚಿಗೆ ಹೇಳಿದೀನಿ, "ನೋಡೋಣ ಸರ್" ಅಂದವ್ರೆ.

ಐದಕ್ಕೆ ಮೂರೂವರೆ. ಸೇರೋದಾದ್ರೆ ಶನಿವಾರದ ಬ್ಯಾಚ್ ತಗೊಳಿ, ಮೀಟಿಂಗೆಲ್ಲ ಭಾನುವಾರಾನೇ.