ಒಂಬತ್ತು ವರ್ಷ ಹಾಕಿಕೊಂಡ ಮೇಲೆ: ಪ್ವೆಬ್ಲೊ ಜನರ ಟರ್ಕಾಯ್ಸ್ ಸರ, ಓಲೆ, ಉಂಗುರ

ಮೊದಲೇ ಹೇಳಿಬಿಡುತ್ತೇನೆ, ನಾನು ಒಡವೆ ಬಲ್ಲವಳಲ್ಲ. ಗಂಡನ ಕೆಲಸದ ದೆಸೆಯಿಂದ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಿಯೊ ರಾಂಚೊದಲ್ಲಿ ಬಂದು ನೆಲೆಸಿದವಳು. ಇಲ್ಲಿಂದ ಸಾಂಟಾ ಫೆಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. 2016ರಿಂದ ಈಚೆಗೆ ನಾಲ್ಕು ಟರ್ಕಾಯ್ಸ್ ಒಡವೆ ಕೊಂಡೆ. ಮೂರು ಅಸಲಿ, ಒಂದು ನಕಲಿ. ಆ ನಕಲಿಗೆ ತೆತ್ತ ದುಡ್ಡು ಅಸಲಿ ಉಂಗುರಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ. ಊರಿಂದ ಬರುವ ನೆಂಟರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಪದೇ ಪದೇ ಕೇಳುವುದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಕಲ್ಲಿನ ಹೆಸರಿನ ಗೊಂದಲ ಒಂದಿದೆ. ಟರ್ಕಾಯ್ಸ್ ಅಂದರೆ ವೈಡೂರ್ಯ ಅಂತ ಕೆಲವರು ಹೇಳುತ್ತಾರೆ. ನಮ್ಮ ನವರತ್ನದ ವೈಡೂರ್ಯ ಬೇರೆ, ಅದು ಬೆಕ್ಕಿನ ಕಣ್ಣಿನ ಹಾಗೆ ಗೆರೆ ಹೊಳೆಯುವ ಕಲ್ಲು. ಇದು ಹಿಂದಿಯವರು ಫಿರೋಜಾ ಅನ್ನುವ ಕಲ್ಲು, ನವರತ್ನದಲ್ಲಿ ಸೇರಿಲ್ಲ. ತಾಮ್ರ ಇರುವುದರಿಂದ ನೀಲಿ ಬಣ್ಣ, ಕಬ್ಬಿಣ ಸೇರಿದಷ್ಟೂ ಹಸಿರು. ಗಾಜಿನಷ್ಟೇ ಗಟ್ಟಿ, ಅದಕ್ಕಿಂತ ಮೆತ್ತಗೂ ಇರಬಹುದು. ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು, ಎಣ್ಣೆ, ಬೆವರು ಎಲ್ಲ ಕುಡಿಯುತ್ತದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ನನ್ನ ಅರ್ಧ ಕಷ್ಟ ಅಲ್ಲಿಂದಲೇ ಶುರುವಾದದ್ದು.

ಪ್ವೆಬ್ಲೊ ಅಂದರೆ ಇಲ್ಲಿನ ಮೂಲನಿವಾಸಿಗಳ ಊರೂ ಹೌದು, ಆ ಊರಿನ ಜನವೂ ಹೌದು. ನ್ಯೂ ಮೆಕ್ಸಿಕೊದಲ್ಲಿ ಇವತ್ತು 19 ಪ್ವೆಬ್ಲೊಗಳಿವೆ, ಒಂದೊಂದರ ಕೈಕೆಲಸ ಒಂದೊಂದು ಥರ. ಹೋಪಿ ಜನರು ಆಚೆ ಅರಿಜೋನಾದಲ್ಲಿದ್ದಾರೆ. ಅವರ ಬೆಳ್ಳಿಯಲ್ಲಿ ಕಲ್ಲಿಗಿಂತ ಚಿತ್ತಾರ ಮುಖ್ಯ. ಎರಡು ತಗಡು ಒಂದರ ಮೇಲೊಂದು ಬೆಸೆದು, ಮೇಲಿನದರಲ್ಲಿ ಚಿತ್ರ ಕತ್ತರಿಸಿ, ಕೆಳಗಿನದನ್ನು ಕಪ್ಪು ಮಾಡುತ್ತಾರೆ. ನಾವು ಹೆಚ್ಚಾಗಿ ನೋಡುವ ದೊಡ್ಡ ಕಲ್ಲಿನ ದಪ್ಪ ಬೆಳ್ಳಿ ಬಳೆ ನವಾಹೊ ಜನರದ್ದು. ಅವರೂ ಮೂಲನಿವಾಸಿಗಳೇ, ಆದರೆ ಪ್ವೆಬ್ಲೊ ಜನರಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡಿದರೆ ಇಬ್ಬರಿಗೂ ಬೇಜಾರಾಗುತ್ತದೆ.

ಅಸಲಿ ಮೂರನ್ನೂ ನಾನು ಕೊಂಡದ್ದು ಸಾಂಟಾ ಫೆಯ ಪ್ಲಾಜಾ (ಊರ ನಡುವಿನ ಚೌಕ) ಪಕ್ಕದ 'ಪ್ಯಾಲೇಸ್ ಆಫ್ ದಿ ಗವರ್ನರ್ಸ್' ಜಗಲಿಯಲ್ಲಿ. 1610ರ ಸುಮಾರಿಗೆ ಸ್ಪೇನಿನವರು ಕಟ್ಟಿಸಲು ಶುರು ಮಾಡಿದ ಮಣ್ಣಿಟ್ಟಿಗೆಯ ಕಟ್ಟಡ. ಈಗ ರಾಜ್ಯದ ಮ್ಯೂಸಿಯಂ. ಅದರ ಮುಂದಿನ ಉದ್ದ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮುಂದೆ ಬಟ್ಟೆ ಹಾಸಿ, ಮೂಲನಿವಾಸಿ ಕಸುಬುದಾರರು ಸಾಲಾಗಿ ಕೂತಿರುತ್ತಾರೆ. ನೋಡಿದರೆ ನಮ್ಮ ಸಂತೆ ಸಾಲು. ಆದರೆ ಕಟ್ಟುನಿಟ್ಟು ಸಂತೆಯದ್ದಲ್ಲ. ಮ್ಯೂಸಿಯಂನ ಒಪ್ಪಿಗೆ ಇದ್ದವರಷ್ಟೇ ಕೂರಬೇಕು. ಮಾರುವ ವಸ್ತು ಅವರದ್ದೋ ಅವರ ಮನೆಯವರದ್ದೋ ಕೈಕೆಲಸ ಆಗಿರಬೇಕು, ಮಾಡಿದವರ ಗುರುತು ಅದರ ಮೇಲಿರಬೇಕು. ಯಾರಿಗೆ ಯಾವ ಜಾಗ ಅನ್ನುವುದನ್ನು ಬೆಳಗ್ಗೆ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಹಾಗಾಗಿ ಹೋದ ಸಲ ಮೂಲೆಯಲ್ಲಿ ಕೂತಿದ್ದವರು ಈ ಸಲ ಅಲ್ಲೇ ಸಿಗುತ್ತಾರೆ ಅಂದುಕೊಳ್ಳಬೇಡಿ. ಕಾರ್ಡ್ ಕೇಳಿ ಇಸ್ಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ.

ಮೊದಲು ಸರ ಕೊಳ್ಳುವಾಗ ನಾನು ನಾಚಿಕೆಗೇಡು ಕೆಲಸ ಒಂದು ಮಾಡಿದೆ. ಆ ಹೆಂಗಸು ಕೇವಾ ಪ್ವೆಬ್ಲೊದವರು. ಸಾಂಟೊ ಡೊಮಿಂಗೊ ಅಂತಲೂ ಕರೆಯುವ ಊರು. 380 ಡಾಲರ್ ಅಂದರು. ನಾನು ಚಿಕ್ಕಪೇಟೆಯ ಅಭ್ಯಾಸದಲ್ಲಿ 200 ಅಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆಯಿಂದ ದಾರಕ್ಕೆ ಪೋಣಿಸಿದ ಒರಟು ಚೂರುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದೊಂದೂ ಚೌಕ ಚೌಕ, ಅಂಚು ಚೂಪು. "ಸರ ಶುರುವಾಗೋದು ಹೀಗೆ," ಅಂದರು. ಅಷ್ಟೇ.

ಹೀಶಿ ಅನ್ನುತ್ತಾರೆ ಈ ಮಣಿಗೆ. ಅವರ ಕೆರೆಸ್ ಭಾಷೆಯಲ್ಲಿ ಆ ಮಾತಿಗೆ ಚಿಪ್ಪು ಅಂತ ಅರ್ಥ. ಮೊದಲಿನಿಂದಲೂ ಸಮುದ್ರದ ಚಿಪ್ಪಿನಲ್ಲೇ ಮಾಡುತ್ತಿದ್ದದ್ದು. ಸಮುದ್ರ ಇಲ್ಲದ ಈ ಮರುಭೂಮಿಗೆ ಚಿಪ್ಪು ಕ್ಯಾಲಿಫೋರ್ನಿಯಾ ಕೊಲ್ಲಿ ಕಡೆಯಿಂದ ಕೈಯಿಂದ ಕೈಗೆ ದಾಟಿ ಬರುತ್ತಿತ್ತು. ಈಗ ಟರ್ಕಾಯ್ಸ್ ಮಣಿಗೂ ಅದೇ ಹೆಸರು ಬಳಸುತ್ತಾರೆ. ಕಲ್ಲನ್ನು ತೆಳ್ಳಗೆ ಕೊಯ್ದು, ಚೌಕ ಚೂರು ಮಾಡಿ, ಒಂದೊಂದಕ್ಕೂ ತೂತು ಕೊರೆಯಬೇಕು. ಆಮೇಲೆ ತಂತಿಗೆ ಪೋಣಿಸಿ ಸಾಣೆಯ ಮೇಲೆ ಹೊರಳಿಸುತ್ತಾ ಹೊರಳಿಸುತ್ತಾ ದುಂಡಗೆ ಮಾಡಬೇಕು. ಕೊರೆಯುವಾಗ ಒಡೆಯುವುದು, ಉಜ್ಜುವಾಗ ಚಕ್ಕೆ ಏಳುವುದು ಎಲ್ಲ ಲೆಕ್ಕಕ್ಕೆ ಹಿಡಿದರೆ ಕೊನೆಗೆ ಸರಕ್ಕೆ ಬರುವುದು ಸ್ವಲ್ಪವೇ. ಈಗ ಕರೆಂಟಿನ ಡ್ರಿಲ್, ತಿರುಗುವ ಸಾಣೆ ಇವೆ. ಆದರೂ ತಾಳ್ಮೆಯ ಕೆಲಸವೇ. ನಾನು 380 ಕೊಟ್ಟೆ.

ನಮ್ಮಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಗ್ರಾಮ್ ಬೆಳ್ಳಿ ಇದೆ?" ಈ ಸರದಲ್ಲಿ ಬೆಳ್ಳಿಯೇ ಇಲ್ಲ ಅಮ್ಮ, ಕೊಂಡಿ ಕೂಡ ಇಲ್ಲ, ಹಿಂದೆ ಹತ್ತಿಯ ದಾರ ಸುತ್ತಿದ್ದಾರೆ ಅಂದೆ. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಇಲ್ಲ. ನಮಗೆ ಒಡವೆ ಅಂದರೆ ತೂಕ, ಮಜೂರಿ, ವೇಸ್ಟೇಜ್. ಕರಗಿಸಿದರೆ ಎಷ್ಟು ಬರುತ್ತೆ ಅನ್ನುವುದು ಕೊಳ್ಳುವಾಗಲೇ ತಲೆಯಲ್ಲಿ ಓಡುತ್ತಿರುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಪ್ವೆಬ್ಲೊ ಒಡವೆ ಶುದ್ಧ ನಷ್ಟ. ಮಜೂರಿಯೇ ಒಡವೆ ಇಲ್ಲಿ. ಆಪತ್ತಿಗೆ ಅಡವಿಡಲು ಬೇಕು ಅನ್ನುವವರು ಚಿನ್ನವನ್ನೇ ತಗೊಳ್ಳಿ.

ಬಳಕೆಯ ಮಾತಿಗೆ ಬರುತ್ತೇನೆ. ಸರವನ್ನು ವಾರಕ್ಕೆ ಎರಡು ಮೂರು ದಿನ ಹಾಕುತ್ತೇನೆ. ಕತ್ತಿಗೆ ತಣ್ಣಗಿರುತ್ತದೆ, ಕೂದಲಿಗೆ ಸಿಕ್ಕಿಕೊಳ್ಳುವುದಿಲ್ಲ. ಕೆಂಪು ಇಳಕಲ್ ಸೀರೆಯ ಮೇಲೆ ಈ ನೀಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಎರಡೂ ಒಂದೇ ಊರಿನವು ಅನ್ನಬೇಕು. ಜರಿ ಅಂಚಿನ ರೇಷ್ಮೆಗೆ ಮಾತ್ರ ಒಪ್ಪುವುದೇ ಇಲ್ಲ, ಸುಮ್ನೆ ಪ್ರಯತ್ನಿಸಬೇಡಿ.

ಎರಡು ವರ್ಷದ ಹೊತ್ತಿಗೆ ಹಿಂಭಾಗದ ಮಣಿಗಳು ಹಸಿರಾಗತೊಡಗಿದವು. ಕಾರಣ ನನ್ನ ಕೊಬ್ಬರಿ ಎಣ್ಣೆ. ತಲೆಗೆ ಹಚ್ಚಿ, ಜಡೆ ಹೆಣೆದು, ಅದರ ಕೆಳಗೇ ಸರ. ಮೊದಮೊದಲು ಹೊಟ್ಟೆ ಉರಿಯಿತು. ಈಗ ಮುಂದೆ ನೀಲಿ, ಹಿಂದೆ ಹಸಿರು ಇರುವುದೇ ನನ್ನ ಸರದ ಗುರುತು. ಬಣ್ಣ ಬದಲಾಗಬಾರದು ಅನ್ನುವವರು ಸ್ಟೆಬಿಲೈಸ್ ಮಾಡಿದ ಕಲ್ಲು ಕೇಳಿ ತಗೊಳ್ಳಿ. ಮೆತ್ತನೆಯ ಕಲ್ಲಿಗೆ ರಾಳದಂಥ ಅಂಟು ಕುಡಿಸಿ ಗಟ್ಟಿ ಮಾಡಿರುತ್ತಾರೆ. ಅದು ಮೋಸ ಅಲ್ಲ, ಮಾರುಕಟ್ಟೆಯಲ್ಲಿ ಅಂಥದ್ದೇ ಹೆಚ್ಚು. ಹೇಳದೆ ಮಾರಿದರೆ ಮಾತ್ರ ಮೋಸ.

2020ರ ಬೇಸಿಗೆಯಲ್ಲಿ ದಾರ ಹರಿಯಿತು. ಅಡುಗೆಮನೆಯಲ್ಲಿ ಮಣಿಗಳು ಸಾಸಿವೆ ಚೆಲ್ಲಿದ ಹಾಗೆ ಚೆಲ್ಲಿಹೋದವು. ಫ್ರಿಡ್ಜ್ ಸರಿಸಿ, ಮಗನ ಕೈಗೆ ಟಾರ್ಚ್ ಕೊಟ್ಟು ಹುಡುಕಿ ಡಬ್ಬಿಗೆ ತುಂಬಿದೆವು. ಆಗ ಕೊರೊನಾ ಕಾಲ. ಜಗಲಿ ಖಾಲಿ, ಪ್ವೆಬ್ಲೊಗಳು ಹೊರಗಿನವರಿಗೆ ಬಾಗಿಲು ಹಾಕಿದ್ದವು. ಆ ಊರುಗಳಲ್ಲಿ ಕಾಯಿಲೆ ಬಲು ಜೋರಾಗಿತ್ತು. ಫೋನ್ ಮಾಡಿ ಸರದ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಡಬ್ಬಿ ಒಂದು ವರ್ಷದ ಮೇಲೆ ದೇವರ ಗೂಡಿನ ಪಕ್ಕ ಇತ್ತು. ಜಗಲಿ ಮತ್ತೆ ತುಂಬಿದ ಮೇಲೆ ಎರಡು ಸಲ ಹೋದರೂ ಅವರು ಸಿಗಲಿಲ್ಲ, ಮೂರನೇ ಸಲ ಸಿಕ್ಕಿದರು. ಬಾಯಿ ತುಂಬಾ ಮಾಸ್ಕ್, ಆದರೂ ಗುರುತಾಯಿತು. ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿಯೇ ನಕ್ಕರು. ಹೊಸ ದಾರಕ್ಕೆ ಪೋಣಿಸಿ, ಕಡಿಮೆ ಬಿದ್ದ ಮಣಿ ಸೇರಿಸಿ ಕೊಟ್ಟದ್ದಕ್ಕೆ 30 ಡಾಲರ್ ತೆಗೆದುಕೊಂಡರು. ದಾರ ಸಡಿಲಾಗಿ ಮಣಿಗಳ ನಡುವೆ ಸಂದು ಕಂಡರೆ ತಂದುಬಿಡು, ಹರಿಯುವವರೆಗೆ ಕಾಯಬೇಡ ಅಂದರು. ನೇರವಾಗಿ ಮಾಡಿದವರಿಂದ ಕೊಂಡರೆ ಏನು ಲಾಭ ಅಂತ ಕೇಳುವವರಿಗೆ ನನ್ನ ಉತ್ತರ ಈ ಡಬ್ಬಿಯ ಕತೆ.

ಓಲೆ ಜೂನಿ ಪ್ವೆಬ್ಲೊದ ದಂಪತಿಗಳದ್ದು, 145 ಡಾಲರ್. ಬೆಳ್ಳಿಯ ಹಿಂದೆ ಇಬ್ಬರ ಹೆಸರಿನ ಗುರುತೂ ಇದೆ. ಒಬ್ಬರು ಕಲ್ಲು ಕೊಯ್ಯುತ್ತಾರೆ, ಇನ್ನೊಬ್ಬರು ಬೆಳ್ಳಿ ಕೆಲಸ. ಜೂನಿಯಲ್ಲಿ ಹೀಗೆ ಮನೆಮಂದಿ ಸೇರಿ ಮಾಡುವುದು ಮಾಮೂಲು. ನೀಡಲ್‌ಪಾಯಿಂಟ್ ಅನ್ನುವ ಕೆಲಸ ಇದು. ಎರಡೂ ತುದಿ ಚೂಪಾದ, ಜೀರಿಗೆಯಷ್ಟು ಸಣ್ಣ ಕಲ್ಲುಗಳು. ಪ್ರತಿ ಕಲ್ಲಿಗೂ ಸುತ್ತ ಅದರದ್ದೇ ಬೆಳ್ಳಿಯ ಅಂಚು ಕಟ್ಟಿರುತ್ತಾರೆ. ಜೂನಿಯವರು ಬೆಳ್ಳಿ ಕೆಲಸ ಕಲಿತದ್ದು 1870ರ ದಶಕದಲ್ಲಿ, ಒಬ್ಬ ನವಾಹೊ ಕಸುಬುದಾರನಿಂದ. ಕಲ್ಲು ಕೊಯ್ಯುವ ಕೈ ಅದಕ್ಕೂ ಎಷ್ಟೋ ಹಿಂದಿನದು. ನನ್ನ ಓಲೆಯಲ್ಲೂ ಹಾಗೇ, ಬೆಳ್ಳಿ ಬರೀ ಕಲ್ಲನ್ನು ಹಿಡಿದುಕೊಂಡಿದೆ ಅಷ್ಟೇ.

ಓಲೆಯ ದೂರು ಎರಡು. ಹಿಂದೆ ತಿರುಪು ಇಲ್ಲ, ಬರೀ ಕೊಕ್ಕೆ. ವರ್ಷಗಟ್ಟಲೆ ಭಾರದ ಜುಮುಕಿ ಹಾಕಿ ಹಿಗ್ಗಿದ ನಮ್ಮ ಕಿವಿಯ ತೂತಿನಿಂದ ಜಾರುತ್ತದೆ. ಸಣ್ಣ ರಬ್ಬರ್ ಬಿರಡೆ ಸಿಕ್ಕಿಸಿದ ಮೇಲೆ ಸರಿಹೋಯಿತು. ಇನ್ನೊಂದು, 2022ರಲ್ಲಿ ಒಂದು ಕಲ್ಲು ಉದುರಿತು. ಅವರೇ ಹಾಕಿಕೊಟ್ಟರು, ಆದರೆ ಹೊಸ ಕಲ್ಲಿನ ಬಣ್ಣ ಕೊಂಚ ಬೇರೆ. ಹಳೆಯದು ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯ ಕಲ್ಲು, ಕಲೆಯಿಲ್ಲದ ತಿಳಿ ಆಕಾಶನೀಲಿ. 2012ರಲ್ಲಿ ಅಲ್ಲಿ ಟರ್ಕಾಯ್ಸ್ ತೆಗೆಯುವುದು ನಿಂತಿತು. ಈಗ ಉಳಿದ ದಾಸ್ತಾನಿಗೆ ಬೆಲೆ ಏರಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ, ಬೇರೆ ಯಾರೂ ಇದುವರೆಗೆ ಹೇಳಿಲ್ಲ.

ಉಂಗುರದ ಕತೆ ಹೇಳಲು ಸಂಕಟ. 90 ಡಾಲರ್, ಅಗಲ ಕಲ್ಲು, ಒಳಗೆ ಸ್ಟರ್ಲಿಂಗ್ ಮುದ್ರೆ. ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ನ್ಯೂ ಮೆಕ್ಸಿಕೊದ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಹೊಳೆಯುತ್ತಿತ್ತು. ಒಂದು ಜುಲೈನಲ್ಲಿ ಸಾಗರದ ತೌರುಮನೆಗೆ ಹಾಕಿಕೊಂಡು ಹೋದೆ. ಮೂರು ವಾರದ ಮಳೆಗೆ ಕಪ್ಪಾಯಿತು. ಅಮ್ಮ ಪ್ರೀತಿಯಿಂದಲೇ ಅದನ್ನು ದೀಪದ ಕಂಬಗಳ ಜೊತೆ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ, ತಿಕ್ಕಿ, ತೊಳೆದು ಇಟ್ಟರು. ಬೆಳ್ಳಿ ಏನೋ ಬೆಳಗಿತು. ಕಲ್ಲಿನ ಮೇಲಿನ ಹೊಳಪು ಹೋಗಿ ಸುಣ್ಣ ಬಳಿದ ಹಾಗೆ ಆಗಿತ್ತು. ಹುಳಿ ಈ ಕಲ್ಲಿಗೆ ವಿಷ. ಟೂತ್‌ಪೇಸ್ಟ್, ವಿಭೂತಿ, ಅಂಗಡಿಯಲ್ಲಿ ಸಿಗುವ ಅದ್ದುವ ದ್ರಾವಣ ಯಾವುದೂ ಬೇಡ. ಒಣ ಹತ್ತಿ ಬಟ್ಟೆಯಿಂದ ಬೆಳ್ಳಿಯನ್ನಷ್ಟೇ ಒರೆಸಿ, ಗಾಳಿಯಾಡದ ಚೀಲದಲ್ಲಿಡಿ, ಸಾಕು.

ಅದೇ ಸಲ ಉಂಗುರ ಬಿಗಿಯೂ ಆಗಿತ್ತು. ಮನೆತನದ ಅಕ್ಕಸಾಲಿಗರ ಹತ್ತಿರ ಒಯ್ದೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಕೆಲಸ ಚೆನ್ನಾಗಿ ಮಾಡಿದಾರೆ. ಯಾವೂರಿನ ಆಚಾರ್ರು?"

ಹೇಳಿದೆ. ಅವರಿಗೆ ಅಮೆರಿಕದ ಆಚಾರ್ರು ಅನ್ನುವುದು ಅಷ್ಟೇನೂ ಆಶ್ಚರ್ಯ ಅನ್ನಿಸಲಿಲ್ಲ.

"ಕಲ್ಲು ಇರೋ ಹಾಗೇ ಬೆಂಕಿ ತೋರಿಸಿದ್ರೆ ಬಣ್ಣ ಕೆಡ್ತದೆ ತಂಗಿ. ಬಿಚ್ಚೋಣ ಅಂದ್ರೆ ಅಂಚು ಹರಿದ್ರೆ ಕಷ್ಟ. ಮಾಡಿದವರ ಹತ್ರಾನೇ ಹೋಗು."

ಅವರು ಹೇಳಿದ್ದು ಸರಿ. ಬಿಸಿಗೆ ಟರ್ಕಾಯ್ಸ್ ಬಣ್ಣ ಕೆಡುತ್ತದೆ, ಬಿರುಕೂ ಬಿಡಬಹುದು. ಉಂಗುರ ಕೊಳ್ಳುವಾಗ ಬೆರಳಿನ ಅಳತೆ ಸರಿಯಾಗಿ ನೋಡಿ, ಬೇಸಿಗೆಯ ಊತಕ್ಕೂ ಸ್ವಲ್ಪ ಜಾಗ ಬಿಡಿ. ನನ್ನದು ಈಗ ಕಿರುಬೆರಳಿನಲ್ಲಿದೆ.

ಕೊನೆಗೆ ನಕಲಿ ಬಳೆ. ಒಂದು ಪ್ರವಾಸಿ ಅಂಗಡಿ, ಹೆಸರು ಬೇಡ. ಬಾಗಿಲಲ್ಲಿ ವರ್ಷವಿಡೀ ಅರ್ಧ ಬೆಲೆಯ ಬೋರ್ಡು. 260ರ ಬಳೆ 130ಕ್ಕೆ. ಇಲ್ಲಿನವರೇ ಕೈಯಲ್ಲಿ ಮಾಡಿದ್ದು ಅಂತ ಬಾಯಲ್ಲಿ ಹೇಳಿದರು. ರಸೀದಿಯಲ್ಲಿ ಬರೆದದ್ದು 'ನೇಟಿವ್ ಸ್ಟೈಲ್', ಅಂದರೆ ಮೂಲನಿವಾಸಿಗಳ ಶೈಲಿಯದ್ದು, ಅವರೇ ಮಾಡಿದ್ದು ಅಂತಲ್ಲ. ಆ 'ಸ್ಟೈಲ್' ನನ್ನ ಕಣ್ಣಿಗೆ ಬಿದ್ದದ್ದು ಮನೆಗೆ ಬಂದ ಮೇಲೆ. ಎರಡು ವಾರಕ್ಕೆ ಮಣಿಕಟ್ಟು ಕೆಂಪಗಾಗಿ ಕಡಿತ. ನಮ್ಮ ಪಾತ್ರೆ ಅಂಗಡಿಯ ಜರ್ಮನ್ ಸಿಲ್ವರ್ ಗೊತ್ತಲ್ಲ, ಹೆಸರಿಗೆ ಮಾತ್ರ ಸಿಲ್ವರ್, ಒಳಗೆ ನಿಕ್ಕಲ್, ತಾಮ್ರ? ಅದೇ ಜಾತಿ ಇರಬೇಕು. ನೇಲ್ ಪಾಲಿಶ್ ತೆಗೆಯುವ ದ್ರಾವಣ ಹತ್ತಿಗೆ ಹಾಕಿ ಕಲ್ಲಿನ ಮೂಲೆ ಒರೆಸಿದೆ. ಹತ್ತಿಗೆ ನೀಲಿ ಬಂತು. ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದು. ಬಣ್ಣ ಬರಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಪ್ಲಾಸ್ಟಿಕ್ ಗಟ್ಟಿಯೂ ಇರಬಹುದು. ಅಸಲಿ ಕಲ್ಲಿನ ಮೇಲೆ ಈ ಪರೀಕ್ಷೆ ಮಾಡಲೇಬೇಡಿ.

ಕಾನೂನು ಗಟ್ಟಿಯಾಗಿಯೇ ಇದೆ. 1990ರ ಕಾಯ್ದೆ ಪ್ರಕಾರ, ಅಮೆರಿಕದ ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರಿದರೆ ಮೊದಲ ಸಲಕ್ಕೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಫಿಲಿಪೀನ್ಸ್‌ನಲ್ಲಿ ಮಾಡಿಸಿದ ಒಡವೆಯನ್ನು ಇಲ್ಲಿಯದು ಅಂತ ಮಾರಿದ ಪ್ರಕರಣದಲ್ಲಿ 2018ರಲ್ಲಿ ಆಲ್ಬುಕರ್ಕಿಯ ಒಬ್ಬ ವ್ಯಾಪಾರಿಗೆ ಆರು ತಿಂಗಳ ಜೈಲೂ ಆಯಿತು. ಆದರೆ 'ಸ್ಟೈಲ್' ಅಂತ ಬರೆದ ರಸೀದಿ ಹಿಡಿದು ನಾನು ಎಲ್ಲಿಗೆ ಹೋಗಲಿ? ಯಾರು ಮಾಡಿದ್ದು, ಯಾವ ಪ್ವೆಬ್ಲೊ, ಕಲ್ಲು ಸಹಜವೋ ಸ್ಟೆಬಿಲೈಸ್ ಮಾಡಿದ್ದೋ, ಬೆಳ್ಳಿ ಯಾವುದು, ಈ ನಾಲ್ಕನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ.

ಬಳೆಯನ್ನು ಬಿಸಾಕಲಿಲ್ಲ. ಊರಿಂದ ಬಂದವರು ಪ್ಲಾಜಾಗೆ ಹೊರಟರೆ ಮೊದಲು ಸರ ಒಂದು ಕೈಗೆ, ಬಳೆ ಇನ್ನೊಂದು ಕೈಗೆ ಕೊಟ್ಟು ಯಾವುದು ಅಸಲಿ ಹೇಳಿ ಅನ್ನುತ್ತೇನೆ. ಹೋದ ವರ್ಷ ಬಂದಿದ್ದ ಚಿಕ್ಕಮ್ಮ ಎರಡನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ಸರ ಒಂದು ಕಡೆ ಹಸಿರು ತಿರುಗಿದೆ ಕಣೇ, ಯಾರೋ ನಿಂಗೆ ಟೋಪಿ ಹಾಕಿದಾರೆ. ಬಳೆ ನೋಡು, ಎಷ್ಟು ಚೆನ್ನಾಗಿದೆ, ಎಲ್ಲಾ ಒಂದೇ ಬಣ್ಣ," ಅಂದರು. ಇಡೀ ಕತೆ ಹೇಳಿದೆ. ಕೇಳಿದರು, ತಲೆ ಆಡಿಸಿದರು, ಬಳೆ ಹಾಕಿಕೊಂಡೇ ಬೆಂಗಳೂರಿನ ವಿಮಾನ ಹತ್ತಿದರು.